ಜಪಾನಿ ಸಾಹೇಬನ ಪಂಚಮಿ

ಊಟದ ತಾಟು ಹೋದದ್ದು ಹೋದ ಹಾಗೇ ಒಳಗೆ ಬಂತು. ಮಡಿಸಿಟ್ಟ ಎರಡು ಬಿಳಿಜೋಳದ ರೊಟ್ಟಿ, ಎಣ್ಣೆ ಹಾಕಿದ ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ, ಬಟ್ಟಲಲ್ಲಿ ಮಾವಿನ ಸೀಕರಣೆ, ಯಾವುದಕ್ಕೂ ಕೈ ತಾಕಿರಲಿಲ್ಲ. ಕಸ್ತೂರಬಾಯಿ ತಾಟನ್ನು ಒಲೆಯ ಪಕ್ಕದ ಕಟ್ಟೆಗಿಟ್ಟು ಸೊಸೆಯ ಮುಖ ನೋಡಿದರು.

“ಖಾರ ಹೆಚ್ಚಾಗೇದೇನ ನೀಲಾ?”

“ಇಲ್ರಿ ಅತ್ತಿ. ದಿನಾ ಹಾಕೂವಷ್ಟೇ ಹಾಕೀನಿ.”

“ಮತ್ತ ಇಪ್ಪತ್ನಾಕು ದಿನಾ ತಾಟು ತೊಳದಂಗ ಮಾಡಿ ಇಡ್ತಿದ್ದಾಂವಗ ಇವತ್ತೇನಾತು? ಮನಿಗೆ ಬಂದ ಪಾವಣ್ಯಾ ಉಪಾಸ ಕುಂತ್ರ ನಮ್ಮ ಮನಿತನದ ಗತಿ ಏನು?”

ನೀಲಾಬಾಯಿ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿದಳು. ಏನಾಯಿತೆಂದು ಆ ಮನೆಯಲ್ಲಿ ಆಕೆಯೊಬ್ಬಳಿಗೇ ಗೊತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಆಕೆ ಹಿತ್ತಲಿನ ಮಗ್ಗದ ಶೆಡ್ಡಿಗೆ ಚಹಾ ಒಯ್ದಾಗ ಅವಳ ಗಂಡ ಅಮೃತಪ್ಪ ಅಲ್ಲಿದ್ದ. ಜಪಾನಿನಿಂದ ಬಂದ ಹಿರಾನೋ ಗೋಡೆಗೆ ಅಂಟಿಸಿಕೊಂಡಿದ್ದ ಕ್ಯಾಲೆಂಡರಿನಲ್ಲಿ ಮೇ ತಿಂಗಳ ಎರಡರ ಮೇಲೆ ಬೆರಳಿಟ್ಟು ಅಮೃತಪ್ಪ ತಲೆಯಾಡಿಸಿ ‘ಇಲ್ಲ’ ಎಂದ. ಬೆರಳನ್ನು ಜಾರಿಸಿ ಹತ್ತರ ಮೇಲೆ ತಂದು ಹಲ್ಲು ಕಿಸಿದ. ಮಗ್ಗಗಳ ಉದ್ಘಾಟನೆ ಎಂಟು ದಿನ ಮುಂದೆ ಹೋಗಿದೆ ಎಂಬುದನ್ನು ಅವನು ಹೇಳಿದ್ದು ಹಾಗೆ. ಹಿರಾನೋ ಸ್ವಲ್ಪ ಹೊತ್ತು ಆ ಬೆರಳನ್ನೇ ನೋಡಿದ. ಆಮೇಲೆ ನಟ್ಟು ಬಿಗಿಯುವ ಪಾನಾಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ಅದರ ಮೇಲೇ ಗೋಡೆಗೆ ಒರಗಿ ಕೂತ. ಚಹಾ ಕೂಡ ಕುಡಿಯಲಿಲ್ಲ.

ಸೋಲಾಪುರದ ವಿಜಾಪುರ ರಸ್ತೆಯ ಆ ಮನೆಗೆ ಮಗ್ಗಗಳೆಂದರೆ ಸಾಮಾನ್ಯ ಸಂಗತಿಯಲ್ಲ. ಮಾವ ಶಾಂತಲಿಂಗಪ್ಪನವರು ನಲವತ್ತು ವರ್ಷ ಕಂಡವರ ಮಗ್ಗದಲ್ಲಿ ನೇಯ್ದ ಟಾವೆಲ್ಲು, ಚಾದರಗಳನ್ನು ಮಾರಿದವರು. ‘ಸ್ವಂತ ಮಾಗ ಹಾಕತೀನಿ, ಅದೂ ಜಪಾನಿಂದು ಹಾಕತೀನಿ’ ಎಂದು ಪೇಟೆಯಲ್ಲಿ ಆಡಿದ ಮಾತಿಗೆ ಮೂರು ವರ್ಷ ಪರವಾನಗಿಗಾಗಿ ಮುಂಬಯಿಗೆ ಅಲೆದರು. ಕೊನೆಗೆ ನಾಲ್ಕು ಮಗ್ಗ ಬಂದವು, ಅವನ್ನು ಜೋಡಿಸಿ ನಡೆಸಿ ತೋರಿಸಲು ಯುಗಾದಿ ಆದ ವಾರಕ್ಕೆ ಹಿರಾನೋ ಬಂದ. ಅವನ ಜೊತೆ ಬಂದ ಮುಂಬಯಿಯ ದುಭಾಷಿ ಸೋಲಾಪುರದ ಬಿಸಿಲಿಗೆ ಒಂದು ವಾರ ಬಾಯಿ ಬಿಟ್ಟು, ಉದ್ಘಾಟನೆಗೆ ಮತ್ತೆ ಬರುತ್ತೇನೆಂದು ಹೇಳಿ ರೈಲು ಹತ್ತಿದ. ಆಮೇಲೆ ಉಳಿದದ್ದು ಕೈಸನ್ನೆ, ಅಮೃತಪ್ಪನ ಮುರುಕು ಇಂಗ್ಲಿಷ್ ಮತ್ತು ಹಿರಾನೋನ ನಗು. ಈಗ ಆ ನಗುವೂ ನಿಂತಿತ್ತು.

ನೀಲಾಬಾಯಿಯ ಜಪಾನಿ ಪಾಠ ಶುರುವಾದದ್ದು ಚಹಾದಿಂದ. ದುಭಾಷಿ ಹೋದ ಮರುದಿನ ಅವಳು ಚಹಾ ಒಯ್ದದ್ದು ಹತ್ತೂವರೆಗೆ. ಶೆಡ್ಡಿನ ಬಾಗಿಲಲ್ಲಿ ಹಿರಾನೋ ನಿಂತಿದ್ದ, ನಿಂತು ಬಹಳ ಹೊತ್ತಾದಂತಿತ್ತು. ಸಿಟ್ಟಿರಲಿಲ್ಲ, ಆದರೆ ಕೈಗಡಿಯಾರ ತೋರಿಸಿ ಹತ್ತರ ಮೇಲೆ ಉಗುರಿಟ್ಟು “ಜೂಜಿ” ಎಂದ. ಅವಳೂ “ಜೂಜಿ” ಎಂದಳು. ಅವನ ಕಣ್ಣು ಅರಳಿದ ರೀತಿ ನೋಡಿ ಅವಳಿಗೆ ಹುರುಪು ಬಂತು. ಮೂರು ಗಂಟೆಯ ಚಹಾಕ್ಕೆ ಇನ್ನೊಂದು, ಮಧ್ಯಾಹ್ನದ ಊಟಕ್ಕೆ ಮತ್ತೊಂದು, ಹೀಗೆ ಐದಾರು ದಿನದಲ್ಲಿ ಗಡಿಯಾರ ಒಂದು ಸುತ್ತು ಪೂರ್ತಿ ಬಂತು. ತವರೂರು ನಾಗಣಸೂರಿನ ಸಾಲೆಯಲ್ಲಿ ಅವಳು ಏಳನೆಯ ಇಯತ್ತೆಯವರೆಗೆ ಕನ್ನಡ ಕಲಿತಿದ್ದಳು. ಈ ಮನೆಯಲ್ಲಿ ಪತ್ರ, ಪಾವತಿ, ಪೇಪರು ಎಲ್ಲ ಮರಾಠಿಯಲ್ಲಿ. ಅವಳ ಕನ್ನಡ ಅಕ್ಷರಗಳು ನಾಲ್ಕು ವರ್ಷದಿಂದ ಟ್ರಂಕಿನ ತಳದ ಸೀರೆಯ ಹಾಗೆ ಮಡಿಕೆ ಬಿಚ್ಚದೆ ಬಿದ್ದಿದ್ದವು. ಈಗ ಅವು ಕೆಲಸಕ್ಕೆ ಬಂದವು. ರೊಟ್ಟಿ ಬುಟ್ಟಿಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಅವಳು ಇಚಿಜಿ, ನಿಜಿ, ಸಾಂಜಿ ಎಂದು ಬರೆದುಕೊಂಡಳು.

ಕಸ್ತೂರಬಾಯಿಗೆ ಓದು ಬಾರದು, ಆದರೆ ಸೊಸೆ ಗುನುಗುವುದು ಕಿವಿಗೆ ಬೀಳುತ್ತಿತ್ತು. “ಒಂದ ಗಂಟಿಗೂ ಜೀ, ಎರಡಕ್ಕೂ ಜೀ. ಬರೋಬ್ಬರ ಅದ ಬಿಡು. ವ್ಯಾಳ್ಯಾಕ್ಕ ಮರ್ಯಾದಿ ಕೊಡೂ ಮಂದಿ. ನಮ್ಮವ್ರು ಹತ್ತಕ್ಕ ಬರ್ತೀನಂದ್ರ ಹನ್ನೆರಡಕ್ಕ ಬಂದು ಊಟ ಆತೇನಂತಾರ,” ಎಂದು ಅವರು ಪಡಸಾಲೆಯ ಕಡೆ ಬಾಯಿ ತಿರುವಿದರು.

ನಾಲ್ಕರಲ್ಲಿ ಮಾತ್ರ ಒಂದು ತೊಡಕು ಬಂತು. ಎಣಿಕೆಯಲ್ಲಿ ನಾಲ್ಕಕ್ಕೆ ‘ಶಿ’ ಎಂದು ಅವನೇ ಕಲಿಸಿದ್ದ. ಅವಳು ಜಾಣತನ ಮಾಡಿ “ಶಿಜಿ” ಎಂದಾಗ ಅವನು ಎರಡೂ ಕೈ ಆಡಿಸಿ ಬೇಡ ಬೇಡ ಎಂದು, ಕಣ್ಣು ಮುಚ್ಚಿ ಕತ್ತು ವಾಲಿಸಿ ಸತ್ತವನಂತೆ ತೋರಿಸಿದ. ಆ ಮಾತಿಗೆ ಸಾವಿನ ವಾಸನೆ, ಅದಕ್ಕೇ ವೇಳೆ ಹೇಳುವಾಗ ‘ಯೋಜಿ’ ಎನ್ನಬೇಕು. ನೀಲಾಬಾಯಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಅವರ ಮನೆಯಲ್ಲೂ ಬಳೆ ಒಡೆಯುವುದಿಲ್ಲ, ‘ಹೆಚ್ಚಾಗುತ್ತದೆ’. ದೀಪ ಆರಿಸುವುದಿಲ್ಲ, ‘ದೊಡ್ಡದು ಮಾಡುತ್ತಾರೆ’. ಮನೆ ಬಿಟ್ಟು ಹೊರಟವರು ಹೋಗುತ್ತೇನೆ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತಾರೆ. ಕಡಲಾಚೆಯ ಮನುಷ್ಯ ತಮ್ಮ ಮನೆಯವರ ಹಾಗೇ ಅಂಜುತ್ತಾನೆ ಎಂದು ತಿಳಿದು ಅವಳಿಗೆ ಅವನ ಮೇಲೆ ಅಣ್ಣತಮ್ಮಂದಿರ ಮೇಲಿನಂಥ ಅಕ್ಕರೆ ಹುಟ್ಟಿತು.

ತಾರೀಖುಗಳು ಬಂದದ್ದು ಆ ಕ್ಯಾಲೆಂಡರಿನಿಂದ. ಅದರ ತಲೆಯ ಮೇಲೆ 51 ಎಂದಿತ್ತು. ಅಮೃತಪ್ಪ ಅದನ್ನು ನೋಡಿ, ಪಾಪ, ಇಪ್ಪತ್ತೈದು ವರ್ಷದ ಹಳೆಯ ಕ್ಯಾಲೆಂಡರು ತಂದಿದ್ದಾನೆಂದು ಕಿತ್ತು, ಅದರ ಜಾಗದಲ್ಲಿ ತಮ್ಮ ಅಂಗಡಿಯ ಹೊಸ ಮರಾಠಿ ಕ್ಯಾಲೆಂಡರು ತೂಗಿಹಾಕಿದ್ದ. ಹಿರಾನೋ ಏನೂ ಅನ್ನದೆ ತನ್ನದನ್ನು ಪಕ್ಕದಲ್ಲಿ ಮತ್ತೆ ಅಂಟಿಸಿಕೊಂಡ. ಅದು ಅವರ ಈಗಿನ ರಾಜನ ಶೋವಾ ಕಾಲದ ಐವತ್ತೊಂದನೆಯ ವರ್ಷ ಎಂದು ದುಭಾಷಿ ಹೋಗುವ ಮೊದಲು ಹೇಳಿದ್ದ. ‘ನಮಗ ಶಕೆ ಇದ್ದಂಗ’ ಎಂದು ಕಸ್ತೂರಬಾಯಿ ಒಂದೇ ಮಾತಿಗೆ ಒಪ್ಪಿಕೊಂಡಿದ್ದರು. ವಾರಗಳೂ ನಮ್ಮವೇ: ಮೊದಲನೆಯದು ಸೂರ್ಯನದು, ಎರಡನೆಯದು ಚಂದ್ರನದು. ತಿಂಗಳ ಮೊದಲ ಹತ್ತು ದಿನಗಳಿಗೆ ಮಾತ್ರ ಎಣಿಕೆಯ ಹೆಸರಿಲ್ಲ, ಒಂದೊಂದಕ್ಕೂ ಅದರದೇ ಹೆಸರು. ತ್ಸುಯಿತಾಚಿ, ಫುತ್ಸುಕಾ, ಮಿಕ್ಕಾ, ಯೊಕ್ಕಾ, ಇತ್ಸುಕಾ. ಮುಂಬಯಿಯ ದುಭಾಷಿಗೇ ಇವು ನಾಲಿಗೆಗೆ ಸಿಗುತ್ತಿರಲಿಲ್ಲವಂತೆ. ಪಾಡ್ಯ, ಬಿದಿಗೆ, ತದಿಗೆ, ಚೌತಿ ಎಂದು ದಿನ ಎಣಿಸುತ್ತ ಬೆಳೆದವಳಿಗೆ ಇದರಲ್ಲಿ ಕಷ್ಟವೇನಿತ್ತು? ಎರಡು ದಿನದಲ್ಲಿ ಬಾಯಿಪಾಠ ಒಪ್ಪಿಸಿದಳು. ಹಿರಾನೋ ಎದ್ದು ನಿಂತು, ಎರಡೂ ಕೈ ತೊಡೆಗೆ ಹಚ್ಚಿ, ಸೊಂಟ ಬಗ್ಗಿಸಿ ಅವಳಿಗೆ ನಮಸ್ಕಾರ ಮಾಡಿದ. ಹುಟ್ಟಿದಾಗಿನಿಂದ ಅವಳಿಗೆ ಯಾರೂ ಹಾಗೆ ಬಗ್ಗಿದ್ದಿಲ್ಲ.

ಆ ದಿನವೇ ಅವನು ಗೋಗಾತ್ಸು, ಅಂದರೆ ಮೇ ಹಾಳೆಯ ಐದರ ಸುತ್ತ ಎಳೆದ ಕೆಂಪು ಗೆರೆ ತೋರಿಸಿದ. ಒಳಗೆ ಒಂದು ಮೀನಿನ ಚಿತ್ರ. ಕಿಸೆಯಿಂದ ಫೋಟೋ ತೆಗೆದ: ಹೆಂಡತಿಯ ತೊಡೆಯ ಮೇಲೆ ಬೋಳು ತಲೆಯ ಗುಂಡು ಕೂಸು. ಬೆರಳು ಒಂದೇ ಎತ್ತಿದ, ಕೂಸಿಗೆ ಇದು ಮೊದಲನೆಯ ಹಬ್ಬ. ಕೋಲಿಗೆ ಬಟ್ಟೆಯ ಮೀನು ಕಟ್ಟಿ ಮನೆಯ ಮುಂದೆ ಹಾರಿಸುವುದನ್ನು ಕೈಯಿಂದ ಮಾಡಿ ತೋರಿಸಿದ. ಇತ್ಸುಕಾ ಎಂದರೆ ಐದು, ಐದೆಂದರೆ ಪಂಚಮಿ. ಪಂಚಮಿಗೆ ತವರಿಗೆ ಹೋಗದೆ ಉಳಿದ ಹೆಣ್ಣಿನ ಸಂಕಟ ನಾಗಣಸೂರಿನ ನೀಲಾಬಾಯಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹೋದ ವರ್ಷ ಆಕೆ ಇದೇ ಅಡಿಗೆಮನೆಯಲ್ಲಿ ಕೂತು ಅಳುತ್ತ ಉಂಡೆ ಕಟ್ಟಿದ್ದಳು.

ಎರಡಕ್ಕೆ ಬಸವ ಜಯಂತಿ, ಅಂದು ಬೆಳಿಗ್ಗೆ ಮಗ್ಗ ಶುರು, ಸಂಜೆ ರೈಲಿಗೆ ಹಿರಾನೋ. ಮೊದಲು ನಿಶ್ಚಯವಾಗಿದ್ದು ಹೀಗೆ. ಆದರೆ ಬಸವ ಜಯಂತಿಯ ದಿನ ಉದ್ಘಾಟಿಸಬೇಕಾದ ಮಠದ ಸ್ವಾಮಿಗಳಿಗೆ ಹತ್ತು ಊರಿನ ಕರೆ, ಬಿಡುವಿದ್ದದ್ದು ಹತ್ತನೆಯ ತಾರೀಖು ಸೋಮವಾರ. ಶಾಂತಲಿಂಗಪ್ಪನವರು ಒಂದು ಗಳಿಗೆಯೂ ಯೋಚಿಸದೆ ಹತ್ತಕ್ಕೆ ಐನೂರು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ ಪೇಟೆ ತುಂಬ ಹಂಚಿದರು. ಮಗ್ಗ ಜೋಡಿಸಿದವನನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಾವಣ್ಯಾ ಎಂದರೆ ಇರು ಎಂದಷ್ಟು ದಿನ ಇರುವವನು ಎಂದು ಅವರ ತಿಳಿವಳಿಕೆ. ಉಪಚಾರ ಹೆಚ್ಚಾದ ಮನೆಗಳಲ್ಲಿ ಇಂಥ ತಪ್ಪು ಆಗುತ್ತಲೇ ಇರುತ್ತದೆ.

ಇದನ್ನೆಲ್ಲ ಮಾವನಿಗೆ ಹೇಳುವುದು ಹೇಗೆ? ಮಾವನ ಎದುರು, ಅದರಲ್ಲೂ ಹೊರಗಿನವರಿದ್ದಾಗ, ಸೊಸೆ ಬಾಯಿ ಬಿಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ನಾಲ್ಕು ವರ್ಷದಲ್ಲಿ ಆಕೆ ಶಾಂತಲಿಂಗಪ್ಪನವರ ಜೊತೆ ಒಂದು ನೇರ ಮಾತು ಆಡಿರಲಿಲ್ಲ. ಅವರು ಎರಡು ಮಾರು ದೂರದಲ್ಲಿ ನಿಂತಿದ್ದರೂ ಮಾತು ಕಸ್ತೂರಬಾಯಿಯನ್ನು ಮುಟ್ಟಿ ಹೋಗಬೇಕು, ಗುಡ್ಡ ಸುತ್ತಿ ಮೈಲಾರಕ್ಕೆ ಹೋದ ಹಾಗೆ.

ಮೂರು ಗಂಟೆಗೆ ಪಡಸಾಲೆಯಲ್ಲಿ ಪಂಚಾಯಿತಿ ಸೇರಿತು. ಲೋಡಿಗೆ ಒರಗಿ ಶಾಂತಲಿಂಗಪ್ಪನವರು, ಕಂಬದ ಹತ್ತಿರ ಅಮೃತಪ್ಪ, ಬಾಗಿಲ ಬಳಿ ಮಗ್ಗಗಳ ಉಸ್ತುವಾರಿಯ ಜಾಬರ್ ಧೂಳಪ್ಪ. ಅರಿವೆ ಪೇಟೆಯ ಬಸಣ್ಣ ಪತ್ರಿಕೆ ಮುಟ್ಟಿತೆಂದು ಹೇಳಿಹೋಗಲು ಬಂದವನು, ತಮಾಷೆ ಕಂಡು ಚಪ್ಪಲಿ ಬಿಟ್ಟು ಕೂತೇಬಿಟ್ಟಿದ್ದ. ಶಾಂತಲಿಂಗಪ್ಪನವರ ಸ್ವಂತ ಮಗ್ಗದ ಮಾತಿಗೆ ಮೂರು ವರ್ಷದಿಂದ ಪೇಟೆಯಲ್ಲಿ ನಕ್ಕವರಲ್ಲಿ ಅವನೇ ಮೊದಲಿಗ.

“ರೊಕ್ಕಾ ಹೆಚ್ಚಿಗಿ ಕೇಳಾಕತ್ತಿರಬೇಕು ನೋಡ್ರಿ,” ಎಂದ ಬಸಣ್ಣ.

“ಹಂಥವರಲ್ರಿ ಸಾಹೇಬ್ರು,” ಎಂದ ಧೂಳಪ್ಪ. “ಮೂರು ಮಾಗ ತಯಾರ ಅದಾವ. ನಾಕನೇದ್ದು ಅರ್ಧಾ ಆಗೇದ. ಆದ್ರ ಪಾನಾ ಮುಟ್ಟವಲ್ರು. ಅವರು ಒಮ್ಮೆ ನಡಿಸಿ ತೋರಿಸಲಾರದ ನಾವು ಕೈ ಹಚ್ಚಂಗಿಲ್ರಿ.”

ಹಿರಾನೋನನ್ನು ಕರೆಸಿದರು. ಅವನು ಬಂದು ಬಗ್ಗಿ ವಂದಿಸಿ, ಮೊಣಕಾಲೂರಿ ಕೂತ. ಅಮೃತಪ್ಪ ಹೊಟ್ಟೆ ಮುಟ್ಟಿಕೊಂಡು, “ವೈ ನೋ ಈಟ್?” ಎಂದ. ಹಿರಾನೋ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಏನೋ ಹೇಳಿದ. ಒಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ. ಬಾಗಿಲ ಹಿಂದೆ ನಿಂತ ನೀಲಾಬಾಯಿಗೆ ಅದರಲ್ಲಿ ಒಂದೇ ಒಂದು ಮಾತು ತಿಳಿಯಿತು, ಅದು ಎರಡು ಸಲ ಬಂತು: ಇತ್ಸುಕಾ.

“ಅತ್ತಿ,” ಎಂದು ಆಕೆ ಪಿಸುಗುಟ್ಟಿದಳು. “ಐದಕ್ಕ ಆತನ ಮಗಂದು ಮೊದಲನೇ ಹಬ್ಬ ಅದರಿ. ಹತ್ತರ ತನಕಾ ನಿಂತ್ರ ತಪ್ಪತದ. ಮಾವಾರಿಗೆ ಹೇಳ್ರಿ.”

ಕಸ್ತೂರಬಾಯಿ ಹೊಸ್ತಿಲಿಗೆ ಬಂದು ಅಷ್ಟನ್ನೂ ಹೇಳಿದರು.

“ನಿನಗ ಯಾರು ಹೇಳಿದ್ರು?” ಎಂದರು ಶಾಂತಲಿಂಗಪ್ಪನವರು.

“ನೀಲಾ ಹೇಳತಾಳ.”

ಬಸಣ್ಣ ಗಟ್ಟಿಯಾಗಿ ನಕ್ಕ. “ಏನ್ರಿ ಶೇಟ್ರ, ಚಾ ಒಯ್ದು ಕೊಟ್ರ ಜಪಾನಿ ಬರ್ತದೇನ್ರಿ? ಹಂಗಿದ್ರ ನಮ್ಮ ಹೋಟೆಲ್ ಮಾಣಿಗೆ ಹದಿನೆಂಟು ಭಾಷಾ ಬರಬೇಕಿತ್ತು!”

ಶಾಂತಲಿಂಗಪ್ಪನವರ ಮುಖ ಕೆಂಪಾಯಿತು. “ಒಳಗ ನಡೀರಿ. ಇದು ಗಂಡಸರ ವ್ಯವಹಾರ ಅದ,” ಎಂದರು.

ಕಸ್ತೂರಬಾಯಿ ಒಳಗೆ ತಿರುಗಿದರು. ನೀಲಾಬಾಯಿ ತಿರುಗಲಿಲ್ಲ. ಅವಳ ಕಿವಿಯಲ್ಲಿ ಹೋಟೆಲ್ ಮಾಣಿಯ ಮಾತು ಸುಡುತ್ತಿತ್ತು, ಕಣ್ಣ ಮುಂದೆ ಮುಟ್ಟದ ತಾಟಿತ್ತು. ಮಾವನ ಎದುರು ಕನ್ನಡ ಆಡಬಾರದೆಂಬ ರೂಢಿ ಇತ್ತು, ಮರಾಠಿಯಲ್ಲೂ ಆಡಬಾರದೆಂದು ಇತ್ತು. ಜಪಾನಿಯ ಸುದ್ದಿ ಹಿರಿಯರು ಎತ್ತಿರಲಿಲ್ಲ. ಆಕೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹೊಸ್ತಿಲು ದಾಟಿದಳು. ಮಾವನ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ.

“ಹಿರಾನೋ ಸಾನ್,” ಎಂದಳು. “ಗೋಗಾತ್ಸು ಇತ್ಸುಕಾ?”

ಹಿರಾನೋ ತಟ್ಟನೆ ಎದ್ದ. “ಇತ್ಸುಕಾ! ಇತ್ಸುಕಾ!” ಎಂದು ಕಿಸೆಯಿಂದ ಫೋಟೋ ತೆಗೆದು ಎರಡೂ ಕೈಯಲ್ಲಿ ಹಿಡಿದು ಶಾಂತಲಿಂಗಪ್ಪನವರ ಮುಂದೆ ಇಟ್ಟ. ಅದರ ಪಕ್ಕದಲ್ಲಿ ರೈಲಿನ ತಿಕೀಟು, ವಿಮಾನದ ತಿಕೀಟು. ನೀಲಾಬಾಯಿ ಒಂದೊಂದಕ್ಕೂ ಬೆರಳು ತೋರಿಸಿ ಕೇಳಿದಳು, ಅವನು ಹೇಳಿದ. ಆಕೆ ಹೊಸ್ತಿಲ ಕಡೆ ಮುಖ ಮಾಡಿ ಅದನ್ನೆಲ್ಲ ಕನ್ನಡದಲ್ಲಿ ಅತ್ತೆಗೆ ಒಪ್ಪಿಸಿದಳು.

“ಅತ್ತಿ, ಫುತ್ಸುಕಾ ಅಂದ್ರ ಎರಡು. ಎರಡಕ್ಕ ಸಂಜಿಮುಂದ ಇಲ್ಲಿಂದ ರೈಲು. ಮಿಕ್ಕಾ, ಮೂರಕ್ಕ ಮುಂಬೈದಾಗ ಇಮಾನ. ಯೊಕ್ಕಾ, ನಾಕಕ್ಕ ಅವರ ದೇಶ. ಅಲ್ಲಿಂದ ಒಂದು ದಿನದ ಹಾದಿ ಆತನ ಊರು. ಇತ್ಸುಕಾ, ಐದಕ್ಕ ಮನಿ. ನಡುವ ಒಂದು ದಿನಾನೂ ಹೆಚ್ಚಿಲ್ರಿ.”

ಬಸಣ್ಣನ ಬಾಯಲ್ಲಿ ಎಲೆಯಡಿಕೆ ಅಗಿಯುವುದು ನಿಂತಿತ್ತು. ಶಾಂತಲಿಂಗಪ್ಪನವರು ಫೋಟೋ ಎತ್ತಿಕೊಂಡು ಕಣ್ಣ ಹತ್ತಿರ ತಂದು ನೋಡಿದರು. “ಕೂಸು ಗುಂಡಗದ,” ಎಂದರು. ಆಮೇಲೆ ಫೋಟೋ ಕೆಳಗಿಟ್ಟು, “ಆದ್ರ ಪತ್ರಿಕಾ ಹಂಚಿ ಆಗ್ಯಾವಲ್ಲ. ಐನೂರು ಮಂದಿಗೆ ಏನ ಹೇಳಲಿ? ಸ್ವಾಮಿಗೋಳಿಗೆ ಏನ ಹೇಳಲಿ?” ಎಂದರು. ಆ ಮಾತು ಯಾರಿಗೆ ಹೇಳಿದ್ದೆಂದು ಸ್ಪಷ್ಟವಿರಲಿಲ್ಲ.

ಉತ್ತರ ಕೊಟ್ಟವರು ಕಸ್ತೂರಬಾಯಿ. ಸೊಸೆ ಹೊಸ್ತಿಲು ದಾಟಿದ ಮೇಲೆ ಅತ್ತೆ ಒಳಗೇ ನಿಂತರೆ ಹೇಗೆ? ಅವರೂ ದಾಟಿಬಂದಿದ್ದರು. “ಲಗ್ನದಾಗ ಅಕ್ಕಿಕಾಳು ಬೀಳೂ ದಿನಾ ಬ್ಯಾರೆ, ಮಂದಿಗೆ ಊಟಾ ಹಾಕೂ ದಿನಾ ಬ್ಯಾರೆ ಇರಂಗಿಲ್ಲೇನು? ಎರಡಕ್ಕ ಬಸವಣ್ಣನ ಫೋಟೋ ಇಟ್ಟು ಮನಿ ಮಟ್ಟಿಗೆ ಚಾಲೂ ಮಾಡ್ರಿ. ಹತ್ತಕ್ಕ ಸ್ವಾಮಿಗೋಳು ಬಂದು ನಡಿಯೂ ಮಾಗಕ್ಕ ಹೂವಾ ಹಾಕ್ಲಿ. ನಿಂತ ಮಾಗಕ್ಕ ಹಾಕೂದಕಿಂತ ನಡಿಯೂ ಮಾಗಕ್ಕ ಹಾಕಿದ್ರ ಚಂದ ಕಾಣತದ.”

ಶಾಂತಲಿಂಗಪ್ಪನವರು ಮೀಸೆಯ ತುದಿ ಹಿಡಿದು ಕೂತರು. ಬಸಣ್ಣ ತಮ್ಮ ಮುಖವನ್ನೇ ನೋಡುತ್ತಿದ್ದಾನೆ ಎಂಬುದು ಅವರಿಗೆ ಗೊತ್ತಿತ್ತು. ಆಮೇಲೆ ಅವರು ಮಾಡಿದ್ದನ್ನು ಆ ಮನೆತನದಲ್ಲಿ ಅವರಿಗಿಂತ ಮೊದಲು ಯಾವ ಮಾವನೂ ಮಾಡಿರಲಿಲ್ಲ. ಹೆಂಡತಿಯನ್ನು ಬಿಟ್ಟು ನೇರವಾಗಿ ಸೊಸೆಯ ಕಡೆ ತಿರುಗಿದರು.

“ನೀಲಾಬಾಯಿ, ಆತಗ ನೀನೇ ಕೇಳು. ನಾಕನೇ ಮಾಗ ಎರಡಕ್ಕ ಮುಂಜಾನೆ ಅಂದ್ರ ಆಗತದೇನು? ಎಷ್ಟ ಗಂಟಿಗೆ?”

ನೀಲಾಬಾಯಿ ಹಿರಾನೋನ ಕಡೆ ತಿರುಗಿ, ನಾಲ್ಕು ಬೆರಳೆತ್ತಿ ಶೆಡ್ಡಿನ ಕಡೆ ತೋರಿಸಿ, “ಫುತ್ಸುಕಾ... ನಾಂಜಿ?” ಎಂದಳು. ಎಷ್ಟು ಗಂಟೆ?

ಹಿರಾನೋ ಕಣ್ಣು ಮುಚ್ಚಿ ಎಣಿಕೆ ಹಾಕಿದ. “ಗೋಜೆನ್ ರೋಕುಜಿ.”

“ಮುಂಜಾನೆ ಆರಕ್ಕಂತ್ರಿ,” ಎಂದಳು. ಹೇಳಿದ ಮೇಲೆ, ಹೇಳಿದ್ದು ನೇರ ಮಾವನಿಗೇ ಎಂದು ಅವಳಿಗೆ ಗೊತ್ತಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

“ನಾಳಿ ಒಂದನೇ ತಾರೀಖ, ಮಹಾರಾಷ್ಟ್ರ ದಿನದ ಸುಟ್ಟಿ ಅದರಿ,” ಎಂದ ಧೂಳಪ್ಪ.

“ಸುಟ್ಟಿ ಹನ್ನೊಂದನೇ ತಾರೀಖ ತಗೋರಿ ಎಲ್ಲಾರೂ,” ಎಂದು ಶಾಂತಲಿಂಗಪ್ಪನವರು ಎದ್ದು ನಿಂತರು. “ಮೊದ್ಲ ಪಾವಣ್ಯಾಗ ಉಣ್ಣಾಕ ಹಾಕ್ರಿ.” ಹಿರಾನೋ ಅಂದು ನಾಲ್ಕು ರೊಟ್ಟಿ ಉಂಡ.

ಮರುದಿನ ಇಡೀ ಸೋಲಾಪುರಕ್ಕೆ ರಜೆ ಇದ್ದಾಗ ಆ ಶೆಡ್ಡಿನಲ್ಲಿ ಮಾತ್ರ ಜನ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಓಡಾಡಿದರು. ಬಾಗಿಲ ಬಳಿ ನೂಲಿನ ಪೆಟ್ಟಿಗೆ ಬೋರಲು ಹಾಕಿ ನೀಲಾಬಾಯಿಯನ್ನು ಕೂರಿಸಿದ್ದರು. ಅವಳಿಗೆ ಬರುವ ಜಪಾನಿ ಎಂದರೆ ವೇಳೆ ಮತ್ತು ತಾರೀಖು, ಅಷ್ಟೇ. ನಟ್ಟಿಗೆ, ಬೋಲ್ಟಿಗೆ, ಎಣ್ಣೆಗೆ ಏನನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಅದು ಬೇಕಾಗಲೂ ಇಲ್ಲ, ನಟ್ಟು ಬೋಲ್ಟು ಧೂಳಪ್ಪನಿಗೆ ನೋಡಿದರೆ ತಿಳಿಯುತ್ತಿತ್ತು. ಯಾವುದು ಎಷ್ಟು ಹೊತ್ತಿಗೆ ಎಂಬುದೊಂದೇ ತಿಳಿಯಬೇಕಾಗಿತ್ತು. ಹಿರಾನೋ ವಸ್ತು ಮುಟ್ಟಿ ವೇಳೆ ಹೇಳುವುದು, ಅವಳು ಅದನ್ನು ಶೆಡ್ಡಿನ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಕೂಗುವುದು. ಎಂಟಕ್ಕೆ ನೂಲು ಸುತ್ತಿದ ಬೀಮು ಏರಬೇಕು. ಹನ್ನೊಂದಕ್ಕೆ ಚಕ್ರದ ಪಟ್ಟಾ. ಎರಡಕ್ಕೆ ಮೋಟಾರು.

ಎರಡೂಕಾಲಿಗೆ ಕರೆಂಟು ಹೋಯಿತು. ನಾಲ್ಕೂಕಾಲಿಗೆ ಬಂತು. ನೀಲಾಬಾಯಿ ಸೆರಗಿನ ತುದಿಯಿಂದ ಗೋಡೆ ಒರೆಸಿ, ಉಳಿದ ಎಲ್ಲ ಕೆಲಸವನ್ನು ಎರಡೆರಡು ತಾಸು ಮುಂದೆ ಹಾಕಿ ಮತ್ತೆ ಬರೆದು, ಹಿರಾನೋಗೆ ಒಂದೊಂದಾಗಿ ಓದಿ ಹೇಳಿದಳು. ಅವನು ಕೇಳಿ, ಒಂದನ್ನೂ ತಿದ್ದದೆ ಪಾನಾ ಎತ್ತಿಕೊಂಡ.

ಅಮೃತಪ್ಪ ಗೋಡೆಯ ಮುಂದೆ ನಿಂತು ಕತ್ತು ಓರೆ ಮಾಡಿ ನೋಡಿದ. ಹುಟ್ಟಿದಾಗಿನಿಂದ ಕನ್ನಡ ಆಡಿದವನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ.

“ಇದು ಏನ ಬರದೀ?”

“ಹಾಚಿಜಿ. ರಾತ್ರಿ ಎಂಟು.”

“ಇದು?”

“ಎಲ್ಲಾ ನಾನೇ ಓದಿ ಹೇಳಬೇಕೇನ್ರಿ? ಸಾಲಿಗೆ ಹಚ್ಚತೀನಿ ಬರ್ರಿ, ನಾಳಿಂದ,” ಎಂದಳು. ಹಿರಿಯರಿರುವ ಕಡೆ ಗಂಡನನ್ನು ಹಾಗೆ ಛೇಡಿಸಿದ್ದು ಅದೇ ಮೊದಲು. ಅಮೃತಪ್ಪ ಸುತ್ತ ನೋಡಿ, ಯಾರೂ ಕೇಳಲಿಲ್ಲವೆಂದು ಖಾತ್ರಿ ಮಾಡಿಕೊಂಡು ನಕ್ಕ. ಧೂಳಪ್ಪ ಮಗ್ಗದ ಅಡಿಯಿಂದ ಎಲ್ಲ ಕೇಳಿಸಿಕೊಂಡಿದ್ದ.

ಎರಡನೆಯ ತಾರೀಖು ಭಾನುವಾರ ಬೆಳಿಗ್ಗೆ ಬಸವಣ್ಣನ ಫೋಟೋಕ್ಕೆ ಹೂವೇರಿತು, ನಾಲ್ಕೂ ಮಗ್ಗದ ಹಣೆಗೆ ವಿಭೂತಿ ಬಿತ್ತು, ಕಾಯಿ ಒಡೆದರು. ಶಾಂತಲಿಂಗಪ್ಪನವರು ಜರಿಯಂಚಿನ ರುಮಾಲು ಸುತ್ತಿಕೊಂಡು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತರು. ಒತ್ತಲಿಲ್ಲ. ತಿರುಗಿ ನೋಡಿದರು.

“ಎಷ್ಟಾತು ನೀಲಾಬಾಯಿ?”

ಅವಳು ಹಿರಾನೋನ ಗಡಿಯಾರ ನೋಡಿದಳು. ಮುಳ್ಳು ಇನ್ನೂ ಎರಡು ಕೂದಲೆಳೆ ಹಿಂದಿತ್ತು. ಅವಳು ಕಾದಳು, ಮನೆಯ ಎಲ್ಲ ಗಂಡಸರೂ ಅವಳ ಬಾಯಿ ನೋಡುತ್ತ ಕಾದರು. ಆಮೇಲೆ ಹಿತ್ತಲಿನ ಬೇವಿನಮರದವರೆಗೆ ಕೇಳುವಂತೆ, “ರೋಕುಜಿ!” ಎಂದಳು.

ನಾಲ್ಕು ಮಗ್ಗ ಒಟ್ಟಿಗೆ ಬಾಯಿ ತೆರೆದವು. ನೆಲ ನಡುಗಿ, ಚಹಾದ ಕಪ್ಪುಗಳು ತಟ್ಟೆಯಲ್ಲಿ ಕುಣಿದವು. ಮೊದಲ ಟಾವೆಲ್ಲು ಕತ್ತರಿಸಿ ಬಂದಾಗ ಶಾಂತಲಿಂಗಪ್ಪನವರು ಅದನ್ನು ಕೆನ್ನೆಗೆ ಒತ್ತಿಕೊಂಡರು. ಕಣ್ಣೊರೆಸಿಕೊಂಡರೆಂದು ಧೂಳಪ್ಪ ಮುಂದೆ ಬಹಳ ಜನರಿಗೆ ಹೇಳಿದ. ಬೆವರು ಎಂದು ಅವರು ಸಾಧಿಸಿದರು.

ಸಂಜೆ ಟಾಂಗಾ ಬಾಗಿಲಿಗೆ ಬಂತು. ಹಿರಾನೋ ತನ್ನ ಕ್ಯಾಲೆಂಡರನ್ನು ಸುರುಳಿ ಸುತ್ತಿ ಎರಡೂ ಕೈಯಿಂದ ನೀಲಾಬಾಯಿಗೆ ಕೊಟ್ಟ. ಕಿಸೆಯಿಂದ ಇನ್ನೊಂದು ಹಳೆಯ ಗಡಿಯಾರ ತೆಗೆದು ತೋರಿಸಿದ. ಒಂದು ತಿಂಗಳಿಂದ ಅದು ಅವನ ಊರಿನ ವೇಳೆಯನ್ನೇ ಇಟ್ಟುಕೊಂಡಿತ್ತು, ಇಲ್ಲಿಗಿಂತ ಮೂರೂವರೆ ತಾಸು ಮುಂದೆ. ಕೂಸಿನ ಫೋಟೋ ಮುಟ್ಟಿ, ಗಡಿಯಾರ ಮುಟ್ಟಿ, ನಕ್ಕ. ಟಾಂಗಾ ಹತ್ತುವ ಮುಂಚೆ ಕಸ್ತೂರಬಾಯಿಯ ಕಡೆ ತಿರುಗಿ, ಅವರು ಬೆಳಗಿನಿಂದ ಹೇಳಿಕೊಟ್ಟ ಒಂದೇ ಮಾತನ್ನು ಹೇಳಿದ.

“ಬರ್ತೀನಿ.”

“ಬಾರಪ್ಪಾ,” ಎಂದರು ಕಸ್ತೂರಬಾಯಿ.

ಹತ್ತನೆಯ ತಾರೀಖು ಸ್ವಾಮಿಗಳು ಬಂದು ನಡೆಯುವ ಮಗ್ಗಕ್ಕೇ ಹೂ ಹಾಕಿದರು. ಐನೂರು ಜನರ ಊಟದಲ್ಲಿ ಮಗ್ಗದ ಮಾತಿಗಿಂತ ಸೊಸೆಯ ಮಾತೇ ಹೆಚ್ಚಾಯಿತು. ಬಾರದೆ ಉಳಿದ ಊರಿನವರಿಗೆ ಬಸಣ್ಣನೇ ಅದನ್ನು ಉಪ್ಪು ಖಾರ ಹಚ್ಚಿ ಹೇಳಿಕೊಂಡು ಬಂದ, ತಾನು ನಕ್ಕದ್ದೊಂದನ್ನು ಬಿಟ್ಟು.

ಶ್ರಾವಣ ಬಂತು. ಪಂಚಮಿಗೆ ತಂಗಿಯನ್ನು ಕರೆದೊಯ್ಯಲು ನಾಗಣಸೂರಿನಿಂದ ಅಣ್ಣ ನಾಗಪ್ಪ ಬೆಳಗಿನ ಬಸ್ಸಿಗೆ ಬಂದು, ಪಡಸಾಲೆಯ ತುದಿಯಲ್ಲಿ ಉಂಡೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮುದುಡಿ ಕೂತಿದ್ದ. ಹೋದ ವರ್ಷ ಇದೇ ಪಡಸಾಲೆಯಿಂದ ಅವನು ‘ಈ ಸಲ ಆಗಂಗಿಲ್ಲ’ ಎಂಬ ಮಾತು ಕೇಳಿ ಬರಿಗೈಯಲ್ಲಿ ತಿರುಗಿದ್ದ. ಟಾವೆಲ್ಲಿಗಾಗಿ ಬಂದ ಬಸಣ್ಣ ಲೋಡಿನ ಪಕ್ಕದಲ್ಲಿದ್ದ. ಅಂಚೆಯವನು ತಂದ ಲಕೋಟೆಯ ಮೇಲೆ ವಿದೇಶದ ತಿಕೀಟುಗಳಿದ್ದವು. ಶಾಂತಲಿಂಗಪ್ಪನವರು ಅದನ್ನು ಅಂಚಿನುದ್ದಕ್ಕೂ ಸಾವಕಾಶವಾಗಿ ಹರಿದರು. ಒಳಗೊಂದು ಫೋಟೋ: ಮನೆಯ ಮುಂದೆ ಉದ್ದ ಕೋಲು, ಅದರಲ್ಲಿ ಗಾಳಿ ತುಂಬಿ ಉಬ್ಬಿದ ಬಟ್ಟೆಯ ಮೀನು, ಕೆಳಗೆ ಹಿರಾನೋ, ಅವನ ಹೆಗಲ ಮೇಲೆ ಗುಂಡು ಕೂಸು. ಹಿಂದೆ ಜಪಾನಿ ಅಕ್ಷರದ ಒಂದು ಸಾಲು.

“ನೀಲಾಬಾಯಿ, ಹೊರಗ ಬಾ,” ಎಂದು ಕರೆದರು ಶಾಂತಲಿಂಗಪ್ಪನವರು. “ಓದಿ ಹೇಳು.”

ತವರಿಗೆ ಒಯ್ಯಲು ಕಟ್ಟುತ್ತಿದ್ದ ಉಂಡೆಯ ಹಿಟ್ಟನ್ನು ಕೈಯಿಂದ ಒರೆಸಿಕೊಳ್ಳುತ್ತ ಅವಳು ಬಂದಳು. ಆ ಸಾಲಿನ ಅಕ್ಷರಗಳನ್ನು ಅವಳು ಮೂರು ತಿಂಗಳಿಂದ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ನೋಡುತ್ತಲೇ ಇದ್ದಳು. “ಶೋವಾ ಗೋಜೂಇಚಿ ನೆನ್, ಗೋಗಾತ್ಸು ಇತ್ಸುಕಾ,” ಎಂದು ತಡವರಿಸದೆ ಓದಿದಳು. ನಾಗಪ್ಪ ಡಬ್ಬಿ ಕೆಳಗಿಟ್ಟು ನೆಟ್ಟಗೆ ಕೂತ.

“ಅಂದ್ರ ಮೇ ಐದು,” ಎಂದ ಬಸಣ್ಣ.

“ಐದು ಅಲ್ರಿ ಬಸಣ್ಣ,” ಎಂದರು ಶಾಂತಲಿಂಗಪ್ಪನವರು. “ಇತ್ಸುಕಾ ಅನ್ರಿ.” ಬಸಣ್ಣ ಅನ್ನುವ ತನಕ ಅವರು ಫೋಟೋ ಅವನ ಕೈಗೆ ಕೊಡಲಿಲ್ಲ. ಆಮೇಲೆ ಸೊಸೆಯ ಕಡೆ ತಿರುಗಿ, “ಈಗ ಅಲ್ಲಿ ಎಷ್ಟಾಗಿರಬೇಕು?” ಎಂದು ಕೇಳಿದರು. ಅವರಿಗೆ ಗೊತ್ತಿತ್ತು, ನಾಗಪ್ಪ ಕೇಳಲಿ ಎಂದು ಕೇಳಿದ್ದು.

ನೀಲಾಬಾಯಿ ಗೋಡೆಯ ಗಡಿಯಾರ ನೋಡಿದಳು. ಒಂಬತ್ತೂವರೆ. ತುಟಿಯಲ್ಲೇ ಎಣಿಸಿ, “ಗೋಗೋ ಇಚಿಜಿ. ಮಧ್ಯಾಹ್ನ ಒಂದು,” ಎಂದಳು.

ಬಾಗಿಲ ಬಳಿ ನಿಂತಿದ್ದ ಕಸ್ತೂರಬಾಯಿ ಒಳಗೆ ತಿರುಗುತ್ತ, “ಹಂಗಾರ ಊಟ ಆಗಿರಬೇಕು ಆಂವಂದು,” ಎಂದರು.